ಕೃಷ್ಣಾ–ಘಟಪ್ರಭಾ ಕೊಳ್ಳದ ಮಹಾಪೂರಗಳು ಮತ್ತು ನೆರೆರಾಜ್ಯಗಳ ಸಹಕಾರ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಬಹುಭಾಗವು ಘಟಪ್ರಭಾ ನದಿಯ ಕೊಳ್ಳಕ್ಕೆ ಸೇರಿದುದು. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಇಂದು ಮೂಡಲಗಿ ತಾಲ್ಲೂಕಿಗೆ ಸೇರಿರುವ ತುಕ್ಕಾನಟ್ಟಿಯು ಈ ಸೀಮೆಯ ಗ್ರಾಮಗಳಲ್ಲೊಂದು. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿರುವ ಈ ಪ್ರದೇಶದಲ್ಲಿ ಮಳೆಯು ಸ್ವಲ್ಪವೇ ಬೀಳುತ್ತದೆ. ಆದರೂ ಇಲ್ಲಿ ಮೋಡವಿಲ್ಲದ ದಿನವೂ ಹೊಳೆಯು ದಡ ಮೀರಿ ಬರುವುದುಂಟು. ಏಕೆಂದರೆ ಮಹಾಪೂರವನ್ನುಂಟುಮಾಡುವ ಮಳೆಯು ಇಲ್ಲಿಯದಲ್ಲ. ಅದು ಪಶ್ಚಿಮದ ಘಟ್ಟದಲ್ಲಿ, ಬಹುಮಟ್ಟಿಗೆ ಮಹಾರಾಷ್ಟ್ರ ರಾಜ್ಯದಲ್ಲಿ ಸುರಿದ ಮಳೆ. ವಿಪತ್ತು ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದು ರಾಜ್ಯದಲ್ಲಿ ಫಲಿಸುವಾಗ ಅದನ್ನು ತಗ್ಗಿಸುವ ಹೊಣೆಯು ಯಾರದು, ಆ ಹೊಣೆಯನ್ನು ನೆರೆಯವರು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಈ ಕೊಳ್ಳದ ಇತಿಹಾಸದ ಆಧಾರದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನದಿಗಳ ಸ್ವರೂಪವನ್ನು ನೋಡೋಣ. ಕೃಷ್ಣೆಯು ಮಹಾಬಳೇಶ್ವರದಲ್ಲಿ ಹುಟ್ಟಿ ಸಾತಾರಾ, ಸಾಂಗ್ಲಿ ಜಿಲ್ಲೆಗಳನ್ನು ದಾಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರದ ಬಾಂದಾರದ ಕೆಳಗೆ ನಮ್ಮ ರಾಜ್ಯವನ್ನು ಪ್ರವೇಶಿಸುತ್ತಾಳೆ. ಘಟಪ್ರಭೆಯೂ ಸಹ್ಯಾದ್ರಿಯಲ್ಲಿಯೇ ಹುಟ್ಟಿದವಳು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಆಕೆಗೆ 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಜಲಾಶಯವಿದೆ. ಆದರೆ ಆಂಬೋಲಿಯ ಬಳಿ ಹುಟ್ಟಿ ಆಜರಾ, ಗಡಹಿಂಗ್ಲಜಗಳ ಮೇಲೆ ಹರಿದು ಸಂಕೇಶ್ವರವನ್ನು ಮುಟ್ಟುವ ಹಿರಣ್ಯಕೇಶಿಯು ಈ ಆಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಗೋಕಾಕದ ಬಳಿ ಮಾರ್ಕಂಡೇಯ ನದಿಯೂ ಬಂದು ಕೂಡುತ್ತದೆ. ಆದುದರಿಂದ ಹಿಡಕಲ್ಲಿನ ದ್ವಾರಗಳನ್ನು ಎಷ್ಟೇ ಜಾಣತನದಿಂದ ನಡೆಸಿದರೂ, ಹಿರಣ್ಯಕೇಶಿಯಲ್ಲಿ ಏನು ಬರುತ್ತಿದೆಯೆಂಬುದನ್ನು ತಿಳಿಯದೆ ಗೋಕಾಕವನ್ನು ಕಾಯುವುದು ಸಾಧ್ಯವಿಲ್ಲ. ಆ ತಿಳಿವಳಿಕೆಯು ದೊರೆಯುವ ಸ್ಥಳಗಳು ಗಡಿಯ ಆಚೆಗಿವೆ.

ಈ ಗಡಿಯು ಪ್ರಾಚೀನವಾದುದಲ್ಲ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಗಮನಾರ್ಹ ಸಂಗತಿ. ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಗಟ್ಟೆ ಕಟ್ಟಿ 1897ರಲ್ಲಿ ಗೋಕಾಕದ ಕಾಲುವೆಯನ್ನು ಮುಗಿಸಿದಾಗ ಬೆಳಗಾವಿಯೂ ಸಾತಾರೆಯೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದವು. ಕೊಲ್ಲಾಪುರ, ಸಾಂಗ್ಲಿ ಮೊದಲಾದ ಸಂಸ್ಥಾನಗಳು ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಕೃಷ್ಣೆಯ ಮೂಲದಿಂದ ವಿಜಾಪುರದವರೆಗಿನ ಕೊಳ್ಳವು ಕೆಲವು ವರ್ಷಗಳ ಕಾಲ ಏಕಾಡಳಿತಕ್ಕೆ ಒಳಪಟ್ಟಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಆದರೆ ಅದರ ಚಂದಗಡ ತಾಲ್ಲೂಕು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಘಟಪ್ರಭೆಯ ಉಪನದಿಯಾದ ತಾಮ್ರಪರ್ಣಿಯು ಹರಿಯುವುದು ಇದೇ ಚಂದಗಡದಲ್ಲಿ. ಭಾಷೆಯ ಆಧಾರದ ಮೇಲೆ ಈ ವಿಭಜನೆಯು ನ್ಯಾಯವೇ ಇರಬಹುದು. ಆದರೆ ಅದರಿಂದ ಮಳೆ ಸುರಿಯುವ ನೆಲವು ಒಂದು ಸರಕಾರಕ್ಕೂ, ಆ ಮಳೆಯಿಂದ ಮುಳುಗುವ ನೆಲವು ಇನ್ನೊಂದು ಸರಕಾರಕ್ಕೂ ಸೇರಿದವು. ಏಕಾಡಳಿತವಿದ್ದಾಗ ಮಹಾಪೂರಗಳಿರಲಿಲ್ಲವೆಂದು ಇದರ ಅರ್ಥವಲ್ಲ. ಅಂದು ಒಂದೇ ಆಡಳಿತದೊಳಗೆ ನಡೆಯಬಹುದಾಗಿದ್ದ ಕಾರ್ಯಕ್ಕೆ ಇಂದು ಎರಡು ಸರಕಾರಗಳ ಸಮ್ಮತಿಯು ಬೇಕಾಗಿದೆ ಎಂಬುದಷ್ಟೇ ಇಲ್ಲಿಯ ಅಭಿಪ್ರಾಯ.

ಅದೇ 1956ರಲ್ಲಿ ಸಂಸತ್ತು ನದಿಗಳ ಬಗ್ಗೆ ಎರಡು ಅಧಿನಿಯಮಗಳನ್ನು ಮಾಡಿತು. ಒಂದು ಅಂತರರಾಜ್ಯ ಜಲವಿವಾದಗಳ ಅಧಿನಿಯಮ, ಇನ್ನೊಂದು ನದೀಮಂಡಲಿಗಳ ಅಧಿನಿಯಮ. ಮೊದಲನೆಯದು ಜಗಳವನ್ನು ತೀರ್ಮಾನಿಸಲಿಕ್ಕೆ. ಎರಡನೆಯದು ಪ್ರವಾಹ ನಿಯಂತ್ರಣವೂ ಸೇರಿದಂತೆ ನದಿಯ ವಿಷಯದಲ್ಲಿ ರಾಜ್ಯಗಳು ಕೂಡಿ ಯೋಚಿಸಲಿಕ್ಕೆ. ಮೊದಲನೆಯದರ ಮೇರೆಗೆ ಕೃಷ್ಣೆಗೇ ಎರಡು ನ್ಯಾಯಾಧಿಕರಣಗಳು ಬಂದಿವೆ. ಎರಡನೆಯದರ ಮೇರೆಗೆ ಇಡೀ ದೇಶದಲ್ಲಿ ಒಂದು ಮಂಡಲಿಯೂ ರಚಿತವಾಗಿಲ್ಲ. ನಮ್ಮ ಪ್ರಸ್ತುತ ಸ್ಥಿತಿಯ ಮೂಲವನ್ನು ಇಲ್ಲಿಯೇ ಕಾಣಬಹುದು.

1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣವು ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ನೆಚ್ಚಬಹುದಾದ ನೀರು 2060 ಟಿ.ಎಂ.ಸಿ. ಎಂದು ಲೆಕ್ಕ ಹಾಕಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಈ ಗಣನೆಯಲ್ಲಿ ನೀರು ಸ್ವತ್ತು. ಪ್ರತಿಯೊಬ್ಬರೂ ಹೆಚ್ಚು ಪಡೆಯಬಯಸುವ ಸ್ವತ್ತು. ಆದರೆ ಮಹಾಪೂರದ ನೀರು ಯಾರಿಗೂ ಬೇಡವಾದುದು. ಸ್ವತ್ತಿನ ಹಂಚಿಕೆಗೆಂದು ಏರ್ಪಟ್ಟ ವ್ಯವಸ್ಥೆಯು ಆಪತ್ತಿನ ಹಂಚಿಕೆಗೆ ಸಾಲದು. ಇದರ ಪರಿಣಾಮವೇನೆಂದರೆ, ಮಹಾಪೂರ ಬಂದಾಗಲೂ ಎರಡು ರಾಜ್ಯಗಳು ವ್ಯಾಜ್ಯದ ಮಾತನ್ನೇ ಆಡುತ್ತವೆ.

ಆಲಮಟ್ಟಿಯ ಪ್ರಸಂಗವು ಇದಕ್ಕೆ ನಿದರ್ಶನ. 2005ರಲ್ಲಿ ಸಾಂಗ್ಲಿ, ಕೊಲ್ಲಾಪುರಗಳು ಮುಳುಗಿದಾಗ ಆಲಮಟ್ಟಿಯ ಹಿನ್ನೀರೇ ಕಾರಣವೆಂಬ ದೂರು ಮಹಾರಾಷ್ಟ್ರದಲ್ಲಿ ಎದ್ದಿತು. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಅರ್ವಿನ್ ಸೇತುವೆಯ ಬಳಿ, 45 ಅಡಿ ಅಪಾಯದ ಮಟ್ಟವಾಗಿರುವಲ್ಲಿ, ನೀರು 57 ಅಡಿಯನ್ನು ಮೀರಿತು. ಅದೇ ದಿನಗಳಲ್ಲಿ ಗೋಕಾಕದ ಲೋಳಸೂರ ಸೇತುವೆಯು ಮುಳುಗಿ ನಗರದೊಳಕ್ಕೆ ನೀರು ನುಗ್ಗಿತು. ಮೇಲಿನವರು ಕೆಳಗಿನವರನ್ನು ನೀರು ತಡೆದರೆಂದೂ, ಕೆಳಗಿನವರು ಮೇಲಿನವರನ್ನು ನೀರು ಬಿಟ್ಟರೆಂದೂ ದೂರಿದರು. ಮಹಾರಾಷ್ಟ್ರ ಸರಕಾರವೇ ನೇಮಿಸಿದ್ದ ನಂದಕುಮಾರ ವಡ್ನೆರೆಯವರ ಸಮಿತಿಯು 2020ರಲ್ಲಿ ವರದಿ ಕೊಟ್ಟು, ಆ ಮಹಾಪೂರಕ್ಕೆ ಆಲಮಟ್ಟಿಯು ಕಾರಣವಲ್ಲವೆಂದು ಹೇಳಿತು. ಅತಿವೃಷ್ಟಿಯೂ ನದೀಪಾತ್ರದ ಅತಿಕ್ರಮಣವೂ ಆ ವರದಿಯಲ್ಲಿ ಮುಖ್ಯ ಕಾರಣಗಳಾಗಿ ಕಂಡವು. ಆದರೂ ಸಂಶಯವು ಅಳಿದಿಲ್ಲ. ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಅನುಮತಿಯಿತ್ತಿದ್ದರೂ 2025ರಲ್ಲಿಯೂ ಮಹಾರಾಷ್ಟ್ರವು ಅದನ್ನು ವಿರೋಧಿಸಿತು. ಒಂದು ವರದಿಯಿಂದ ಹುಟ್ಟದ ವಿಶ್ವಾಸವು ದಿನನಿತ್ಯದ ವ್ಯವಹಾರದಿಂದ ಮಾತ್ರ ಹುಟ್ಟಬಲ್ಲದು.

ಆ ವ್ಯವಹಾರವು ಯಾವ ರೀತಿಯದಾಗಿರಬೇಕೆಂಬುದನ್ನು ಒಂದು ಸರಳವಾದ ಗಣಿತದಿಂದ ತಿಳಿಯಬಹುದು. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಐದು ದಿನ ಮುಂಚಿತವಾಗಿ ಸೂಚನೆ ದೊರೆತು, ಜಲಾಶಯದಿಂದ 10,000 ಕ್ಯೂಸೆಕ್ಸಿನಂತೆ ಒಳಹರಿವಿಗಿಂತ ಹೆಚ್ಚಾಗಿ ನೀರು ಬಿಟ್ಟರೆ 4.32 ಟಿ.ಎಂ.ಸಿ. ಸ್ಥಳವು ತೆರವಾಗುತ್ತದೆ. ಅನಂತರ ಬರುವ ಪೂರದಲ್ಲಿ ಇಡೀ ಒಂದು ದಿವಸ 50,000 ಕ್ಯೂಸೆಕ್ಸಿನಷ್ಟನ್ನು ಆ ಸ್ಥಳವು ನುಂಗಿಕೊಳ್ಳುತ್ತದೆ. ಸೂಚನೆಯು ಐದು ದಿನಕ್ಕೆ ಬದಲು ಒಂದೇ ದಿನ ಮುಂಚೆ ಬಂದರೆ, ಅಷ್ಟೇ ಸ್ಥಳವನ್ನು ತೆರವು ಮಾಡಲು 50,000 ಕ್ಯೂಸೆಕ್ಸ್ ಬಿಡಬೇಕು. ಅಂದರೆ ಮಹಾಪೂರವನ್ನು ನಾವೇ ಒಂದು ದಿನ ಮೊದಲು ತಂದುಕೊಂಡಂತಾಯಿತು. ಹೀಗೆ ಕಾಲವೇ ಇಲ್ಲಿ ಅತ್ಯಮೂಲ್ಯವಾದ ವಸ್ತು. ಮೇಲಿನ ರಾಜ್ಯವು ಕೆಳಗಿನ ರಾಜ್ಯಕ್ಕೆ ಕೊಡಬಹುದಾದ ದೊಡ್ಡ ಸಹಾಯವೆಂದರೆ ಕಾಲ.

ಇಲ್ಲಿ ಒಂದು ತೊಡಕೂ ಉಂಟು. ನೀರಾವರಿಗೆ ತುಂಬಿದ ಜಲಾಶಯವು ಬೇಕು. ಮಹಾಪೂರವನ್ನು ತಡೆಯಲು ಬರಿದಾದ ಜಲಾಶಯವು ಬೇಕು. ಮುನ್ಸೂಚನೆಯನ್ನು ನಂಬಿ ನೀರು ಬಿಟ್ಟ ಮೇಲೆ ಮಳೆಯು ಬಾರದೆ ಹೋದರೆ ಕಬ್ಬು ಬೆಳೆಯುವ ರೈತನಿಗೆ ಉತ್ತರ ಹೇಳುವವರು ಯಾರು? ಈ ಭಯವು ಗಡಿಯ ಎರಡೂ ಬದಿಯ ಅಧಿಕಾರಿಗಳಿಗೆ ಸಹಜವಾದುದು. ಆದುದರಿಂದ ನಿರ್ಣಯವನ್ನು ಒಬ್ಬ ಅಧಿಕಾರಿಯ ಧೈರ್ಯಕ್ಕೆ ಬಿಡದೆ, ಯಾವ ತಿಂಗಳಲ್ಲಿ ಯಾವ ಜಲಾಶಯವು ಯಾವ ಮಟ್ಟದಲ್ಲಿರಬೇಕೆಂಬ ನಿಯಮವನ್ನು ಮಳೆಗಾಲಕ್ಕೆ ಮೊದಲೇ ಎರಡು ರಾಜ್ಯಗಳು ಕೂಡಿ ಗೊತ್ತುಪಡಿಸುವುದು ಅವಶ್ಯ.

ಇದು ಅಸಾಧ್ಯವಾದುದಲ್ಲ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಕಟ್ಟಿದ ಆಣೆಕಟ್ಟು ಇವೇ ಎರಡು ರಾಜ್ಯಗಳ ಕೂಡು ಯೋಜನೆ. 2021ರ ಜೂನ್ 19ರಂದು ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರನ್ನು ಕಂಡು, ಮಳೆ ಮತ್ತು ನೀರಿನ ಹರಿವಿನ ವಿವರಗಳನ್ನು ಕಾಲಕಾಲಕ್ಕೆ ವಿನಿಮಯ ಮಾಡಿಕೊಳ್ಳುವ ವಿಷಯವನ್ನು ಚರ್ಚಿಸಿದರು. ಮರುತಿಂಗಳೇ ಮಹಾಬಳೇಶ್ವರದಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ ಸುಮಾರು 594 ಮಿಲಿಮೀಟರ್ ಮಳೆ ಸುರಿಯಿತು. ಇಂತಹ ಮಳೆಯನ್ನು ಯಾವ ಒಪ್ಪಂದವೂ ತಡೆಯಲಾರದು. ಮಹಾಪೂರವು ಬಂದೇ ಬಂದಿತು. ಆದರೆ ಮಂತ್ರಿಗಳ ಭೇಟಿಯು ಒಂದು ಋತುವಿನ ಸೌಜನ್ಯ. ಮಂತ್ರಿಗಳು ಬದಲಾದರೆ ಅದೂ ಬದಲಾಗಬಹುದು. ಶಾಶ್ವತವಾದ ಸಂಸ್ಥೆಯು ಮಾತ್ರ ನೆನಪನ್ನು ಉಳಿಸಿಕೊಳ್ಳಬಲ್ಲದು.

ಹೊರಗಿನ ಪ್ರಪಂಚದ ಅನುಭವವೂ ಇದನ್ನೇ ಸಾರುತ್ತದೆ. ಎರಡನೆಯ ಮಹಾಯುದ್ಧವು ಮುಗಿದು ಐದೇ ವರ್ಷಗಳಾಗಿದ್ದಾಗ, 1950ರಲ್ಲಿ, ಅದೇ ತಾನೆ ಶತ್ರುಗಳಾಗಿದ್ದ ದೇಶಗಳು ಕೂಡಿ ರೈನ್ ನದಿಗೆ ಒಂದು ಆಯೋಗವನ್ನು ಮಾಡಿಕೊಂಡವು. ಅದರ ಮೊದಲ ಚಿಂತೆ ನೀರಿನ ಮಾಲಿನ್ಯದ್ದು. 1993 ಮತ್ತು 1995ರ ಮಹಾಪೂರಗಳು ಬಂದಾಗ ಕೂಡಿ ಕುಳಿತುಕೊಳ್ಳುವ ಮೇಜು ಸಿದ್ಧವಾಗಿದ್ದುದರಿಂದ 1998ರಲ್ಲಿ ಪ್ರವಾಹದ ಸಂಯುಕ್ತ ಯೋಜನೆಯು ಹೊರಬಂದಿತು. ಭಾರತ, ಬಾಂಗ್ಲಾದೇಶಗಳು 1972ರಲ್ಲಿ ಜಂಟಿ ನದೀ ಆಯೋಗವನ್ನು ಸ್ಥಾಪಿಸಿದವು. ತೀಸ್ತಾ ನದಿಯ ಹಂಚಿಕೆಯು ಇಂದಿಗೂ ಇತ್ಯರ್ಥವಾಗಿಲ್ಲ. ಆದರೂ ಮಳೆಗಾಲದಲ್ಲಿ ನದಿಗಳ ಮಟ್ಟವನ್ನು ಭಾರತವು ಬಾಂಗ್ಲಾದೇಶಕ್ಕೆ ತಿಳಿಸುವ ಪದ್ಧತಿಯುಂಟು. ಹಂಚಿಕೆಯ ಜಗಳವು ತೀರುವವರೆಗೆ ಎಚ್ಚರಿಕೆಯು ಕಾಯಬೇಕಾಗಿಲ್ಲವೆಂಬುದೇ ಇದರ ಪಾಠ. ಸ್ವತಂತ್ರ ರಾಷ್ಟ್ರಗಳಿಗೆ ಸಾಧ್ಯವಾದುದು ಒಂದೇ ಸಂವಿಧಾನದ ಕೆಳಗಿನ ಎರಡು ರಾಜ್ಯಗಳಿಗೆ ಅಸಾಧ್ಯವಾಗಲಾರದು. ಬೆಳಗಾವಿಯ ಗಡಿಯನ್ನು ಕುರಿತು 2004ರಲ್ಲಿ ಮಹಾರಾಷ್ಟ್ರವು ಹೂಡಿದ ದಾವೆಯು ಸರ್ವೋಚ್ಚ ನ್ಯಾಯಾಲಯದಲ್ಲಿರಲಿ. ನೀರಿನ ಮಟ್ಟದ ಸುದ್ದಿಯು ಆ ದಾವೆಯ ಕಕ್ಷಿಗಾರನಲ್ಲ.

ಕೊನೆಯದಾಗಿ, ಸುದ್ದಿಯು ರಾಜಧಾನಿಯಿಂದ ರಾಜಧಾನಿಗೆ ಹೋದರೆ ಸಾಲದು; ಅದು ಗ್ರಾಮಕ್ಕೆ ಮುಟ್ಟಬೇಕು, ತಿಳಿಯುವ ಮಾತಿನಲ್ಲಿ ಮುಟ್ಟಬೇಕು. ‘ಎಂಬತ್ತು ಸಾವಿರ ಕ್ಯೂಸೆಕ್ಸ್ ಬಿಡಲಾಗಿದೆ’ ಎಂದರೆ ದನಕರುಗಳನ್ನು ಬಿಚ್ಚಬೇಕೇ ಬೇಡವೇ ಎಂಬುದು ರೈತನಿಗೆ ಗೊತ್ತಾಗುವುದಿಲ್ಲ. ‘ನೀರು ಗುಡಿಯ ಮೂರನೆಯ ಮೆಟ್ಟಲಿಗೆ ಬರುತ್ತದೆ’ ಎಂದರೆ ಗೊತ್ತಾಗುತ್ತದೆ. ಗಡಿಯ ಜನರಲ್ಲಿ ಅನೇಕರು ಕನ್ನಡ, ಮರಾಠಿ ಎರಡನ್ನೂ ಬಲ್ಲವರಾದುದರಿಂದ ಗಡಹಿಂಗ್ಲಜದ ಸುದ್ದಿಯು ಸಂಕೇಶ್ವರಕ್ಕೆ ಭಾಷೆಯ ಅಡ್ಡಿಯಿಲ್ಲದೆ ಬರಬಹುದು. ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರೈತರು ಬಲ್ಲ ಇಂತಹ ಸಂಸ್ಥೆಗಳು ಈ ಸುದ್ದಿಯನ್ನು ಬೆಳೆಯ ಮತ್ತು ದನಗಳ ರಕ್ಷಣೆಯ ಮಾತಾಗಿ ತಿರುಗಿಸಿ ಹೇಳಲು ಯೋಗ್ಯವಾದ ಸ್ಥಾನಗಳು.

ಆದರೆ ಯಾವ ಹರಿವಿಗೆ ನೀರು ಯಾವ ಮೆಟ್ಟಲಿಗೆ ಬರುತ್ತದೆಂಬುದನ್ನು ಬರೆದಿಡುವವರು ಬೇಕು. ಈ ಕಾರ್ಯವು ಎಂಜಿನಿಯರರಿಗೆ ಸೇರಿದಷ್ಟೇ ಇತಿಹಾಸದ ಅಭ್ಯಾಸಿಗಳಿಗೂ ಸೇರಿದುದು. 2005, 2019, 2021ರ ನೀರು ಯಾವ ಗೋಡೆಯ ಮೇಲೆ ಎಲ್ಲಿಯವರೆಗೆ ಗುರುತು ಬಿಟ್ಟಿತು, ಯಾವ ಓಣಿಯು ಮೊದಲು ಮುಳುಗಿತು, ಜನರು ಯಾವ ದಿಬ್ಬಕ್ಕೆ ಹೋದರು ಎಂಬುದನ್ನು ಹಿರಿಯರಿಂದ ಕೇಳಿ, ಕಂದಾಯದ ಕಾಗದಗಳೊಡನೆ ಹೋಲಿಸಿ ಗ್ರಾಮಗ್ರಾಮದ ಪಟ್ಟಿಯನ್ನು ಮಾಡಬೇಕು. ನದಿಯ ಒಂದು ದಡದ ಪಟ್ಟಿಯು ಅರ್ಧ ಪಟ್ಟಿ. ಆದುದರಿಂದ ಗೋಕಾಕ, ಹುಕ್ಕೇರಿಗಳ ಕಾಲೇಜುಗಳ ವಿದ್ಯಾರ್ಥಿಗಳು ಗಡಹಿಂಗ್ಲಜ, ಚಂದಗಡಗಳ ವಿದ್ಯಾರ್ಥಿಗಳೊಡನೆ ಕೂಡಿ ಈ ಕೆಲಸವನ್ನು ಆರಂಭಿಸಬಹುದು. ಸರಕಾರಗಳು ನದೀಮಂಡಲಿಯನ್ನು ರಚಿಸುವವರೆಗೆ ಇದಕ್ಕೆ ಕಾಯಬೇಕಾದ ಕಾರಣವಿಲ್ಲ.