ತಂತಿಯ ತುದಿಯಲ್ಲಿ ಯಾರು?

ಟೆಲಿಫೋನಿನ ಗಂಟೆ ಬಾರಿಸಿತು. ನೀವು ಎತ್ತಿಕೊಂಡು 'ಹಲೋ' ಎಂದಿರಿ. ಆಚೆಯವರು ಯಾರೆಂದು ತಿಳಿದೊಡನೆ ನಿಮ್ಮ ಮಾತಿನ ಧಾಟಿ ತಾನಾಗಿಯೇ ಮಾರ್ಪಡುತ್ತದೆ. ಹಿರಿಯರಾದರೆ ಒಂದು ಬಗೆ, ಮಗುವಾದರೆ ಇನ್ನೊಂದು ಬಗೆ. ಮನುಷ್ಯನಿಗೆ ಸಹಜವಾದ ಈ ವಿವೇಕವನ್ನು ಯಂತ್ರಕ್ಕಾದರೋ ಮುಂಚಿತವಾಗಿಯೇ ಹೇಳಿಕೊಡಬೇಕು.

ಕೆನಡಾದ ನಾರ್ದರ್ನ್ ಟೆಲಿಕಾಂ ಕಂಪೆನಿ 1975ರಲ್ಲಿ ಎಸ್‌ಎಲ್-1 ಎಂಬ ಕಛೇರಿ ಎಕ್ಸ್‌ಚೇಂಜನ್ನು ಹೊರತಂದಿತು. ಅದರ ಮುಂದಿನ ಪೀಳಿಗೆಯೇ ಮೆರಿಡಿಯನ್-1. ಇಂಥ ಎಕ್ಸ್‌ಚೇಂಜು ನಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. ಸೆಕೆಂಡಿಗೆ 64,000 ಬಿಟ್‌ಗಳಾದವು. ಮಾತೇ ಅಂಕಿಯಾದ ಮೇಲೆ, ಕಂಪ್ಯೂಟರಿನ ಅಕ್ಷರಗಳೂ ಅದೇ ದಾರಿಯಲ್ಲಿ ಏಕೆ ಸಾಗಬಾರದು? ಈ ಕೆಲಸಕ್ಕೆಂದೇ ಮೆರಿಡಿಯನ್-1ರಲ್ಲಿ ಡೇಟಾ ಆಕ್ಸೆಸ್ ಕಾರ್ಡು ಇದ್ದಿತು. ಒಂದು ಕಾರ್ಡಿಗೆ ಆರು ಪೋರ್ಟುಗಳು, ಅಂದರೆ ಆರು ಬಾಗಿಲುಗಳು.

ಬಾಗಿಲಿನಾಚೆ ಇರುವವರು ನಾಲ್ಕು ಬಗೆ: ಮೋಡೆಮ್, ಗೇಟ್‌ವೇ, ಹೋಸ್ಟ್ ಎಂಬ ದೊಡ್ಡ ಕಂಪ್ಯೂಟರು, ಮನುಷ್ಯನು ಕುಳಿತು ಬೆರಳಚ್ಚಿಸುವ ಟರ್ಮಿನಲ್. ಆಚೆ ಇರುವುದು ಯಾವುದೆಂದು ಗೊತ್ತುಮಾಡುವುದೇ ಮೋಡ್‌ನ ಆಯ್ಕೆ. ವ್ಯಾಕರಣ ಓದಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. 'ರಾಮ' ಎಂಬ ಪ್ರಕೃತಿ ಒಂದೇ. 'ರಾಮನು' ಎಂದರೆ ಮಾಡುವವನು, 'ರಾಮನಿಗೆ' ಎಂದರೆ ಪಡೆಯುವವನು. ಪೋರ್ಟು ಪ್ರಕೃತಿ, ಮೋಡು ವಿಭಕ್ತಿ.

ವಿಭಕ್ತಿ ತಪ್ಪಿದರೆ ಏನಾಗುತ್ತದೆ? ಆರ್‌ಎಸ್-232 ಎಂಬ ಜೋಡಣೆಯ ನಿಯಮವು ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡಿತು. ಇದರಲ್ಲಿ ಟರ್ಮಿನಲ್ಲಿನದು ಒಂದು ಪಾತ್ರ, ಮೋಡೆಮಿನದು ಇನ್ನೊಂದು. 25 ಕಡ್ಡಿಗಳ ಕನೆಕ್ಟರಿನಲ್ಲಿ ಟರ್ಮಿನಲ್ಲು 2ನೆಯ ಕಡ್ಡಿಯಲ್ಲಿ ಮಾತನಾಡಿ 3ನೆಯದರಲ್ಲಿ ಕೇಳುತ್ತದೆ. ಮೋಡೆಮಿಗೆ ಇದು ತಿರುವುಮುರುವು. ಆದ್ದರಿಂದ ಟರ್ಮಿನಲ್ಲಿನ ಎದುರಿಗೆ ಕಾರ್ಡು ಮೋಡೆಮಿನ ಪಾತ್ರ ವಹಿಸಬೇಕು. ಮೋಡೆಮಿನ ಎದುರಿಗೆ ಟರ್ಮಿನಲ್ಲಿನ ಪಾತ್ರ. ಇಬ್ಬರಿಗೂ ಒಂದೇ ಪಾತ್ರ ಬಿದ್ದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತನಾಡುತ್ತಾರೆ, ಕೇಳುವವರಿಲ್ಲ. ತಂತಿ ಹರಿದಿಲ್ಲ, ಯಂತ್ರ ಕೆಟ್ಟಿಲ್ಲ, ಆದರೂ ಮೌನ!

ಇನ್ನೆರಡು ಪ್ರಶ್ನೆಗಳು ಉಳಿದವು. ಆಚೆಯ ಯಂತ್ರವು ತಾನು ಸಿದ್ಧವೆಂದು ತಿಳಿಸುವುದಕ್ಕೆ ಡಿಟಿಆರ್ ಎಂಬ ಪ್ರತ್ಯೇಕ ತಂತಿಯಿದೆ. ಕೆಲವು ಯಂತ್ರಗಳು ಈ ಸಂಕೇತವನ್ನು ಕೊಡುವುದೇ ಇಲ್ಲ. ಅಂಥವುಗಳಿಗಾಗಿ 'ಸದಾ ಸಿದ್ಧವೆಂದೇ ತಿಳಿ' ಎಂದು ಕಾರ್ಡಿಗೆ ಕಟ್ಟುಮಾಡಬಹುದು. ಅನುಕೂಲವೇ ಸರಿ, ಆದರೆ ಟರ್ಮಿನಲ್ಲನ್ನು ಆರಿಸಿ ಹೋದ ಮೇಲೂ ಕಾರ್ಡು ಅದು ಎಚ್ಚರವಾಗಿದೆಯೆಂದೇ ನಂಬಿರುತ್ತದೆ. ಹೊರಗಿನ ಕರೆ ಖಾಲಿ ಮನೆಯ ಬಾಗಿಲಲ್ಲಿ ನಿಂತ ಅತಿಥಿಯಂತಾಗುತ್ತದೆ. ಎರಡನೆಯದು ಹಾಟ್‌ಲೈನ್: ಸಿದ್ಧವೆಂಬ ಸಂಕೇತ ಬಂದೊಡನೆ ಗೊತ್ತಾದ ಒಂದೇ ಸಂಖ್ಯೆಗೆ ಕಾರ್ಡು ತಾನೇ ಕರೆ ಹಚ್ಚುತ್ತದೆ. ಪ್ರತಿದಿನ ಒಂದೇ ಕಂಪ್ಯೂಟರಿನೊಡನೆ ಕೆಲಸವಿರುವವನಿಗೆ ಇದು ವರ. ಹಲವು ಕಡೆ ಮಾತನಾಡಬೇಕಾದವನಿಗೆ ಬಂಧನ.

ಆ ಕಂಪೆನಿ ನಾರ್ಟೆಲ್ ಎಂಬ ಹೆಸರು ತಳೆದು 2009ರಲ್ಲಿ ದಿವಾಳಿಯ ರಕ್ಷಣೆ ಬೇಡಿತು. ಪಾಠ ಮಾತ್ರ ಹಳತಾಗಿಲ್ಲ. ಎರಡು ಯಂತ್ರಗಳನ್ನು ಕೂಡಿಸಿದಾಗ ಮೌನವೇ ಉತ್ತರವಾದರೆ, ತಂತಿಯನ್ನು ಕೀಳುವ ಮೊದಲು ಕೇಳಿಕೊಳ್ಳಿರಿ: ಎದುರಿಗಿರುವುದು ಯಾರು? ಅದು ಸಿದ್ಧವೆಂದು ಹೇಳಬಲ್ಲುದೇ? ಕರೆಯನ್ನು ಆರಂಭಿಸುವವರು ಯಾರು? ಬಹುಮಟ್ಟಿಗೆ ದೋಷವಿರುವುದು ತಂತಿಯಲ್ಲಲ್ಲ, ನಾವು ಹೇಳಿಕೊಟ್ಟ ಪರಿಚಯದಲ್ಲಿ.