ಮರೆವಿನಿಂದ ಮರಳಿ ಬಂದ ತಿರುಮಲಾಂಬಾ

ನಮ್ಮ ಅರಸೀಕೆರೆಯ ಹೆಸರಿನಲ್ಲಿಯೇ ಒಬ್ಬ ಸ್ತ್ರೀ ಅಡಗಿದ್ದಾಳೆ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂಬುದು ಪ್ರತೀತಿ. ದಿನಕ್ಕೆ ಹತ್ತು ಬಾರಿ ಊರಿನ ಹೆಸರನ್ನು ಹೇಳುವ ನಮ್ಮ ನಾಲಿಗೆಯಲ್ಲಿ ಆ ಅರಸಿಯ ಹೆಸರು ಮಾತ್ರ ಇಲ್ಲ. ಬೇಲೂರಿನ ಶಾಂತಲಾದೇವಿಯನ್ನು ಇಂದಿಗೂ ಹೆಸರು ಹಿಡಿದು ಸ್ಮರಿಸುತ್ತೇವೆ. ಏಕೆಂದರೆ ಆಕೆಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದವರಿದ್ದರು. ಮಾಡಿದ ಕಾರ್ಯ ಉಳಿಯುವುದು ಒಂದು, ಮಾಡಿದವರ ಸ್ಮರಣೆ ಉಳಿಯುವುದು ಇನ್ನೊಂದು.

ಕೆರೆಗೆ ಸಲ್ಲುವ ಈ ಮಾತು ಗ್ರಂಥಕ್ಕೂ ಸಲ್ಲುತ್ತದೆ. ಅದಕ್ಕೆ ಒಳ್ಳೆಯ ನಿದರ್ಶನ ನಂಜನಗೂಡು ತಿರುಮಲಾಂಬಾ ಅವರ ಜೀವನ. ಹೊಸಗನ್ನಡದಲ್ಲಿ ಕಾದಂಬರಿ ಬರೆದ ಮೊದಲ ಮಹಿಳೆಯರಲ್ಲಿ ಅಗ್ರಗಣ್ಯರು ಅವರು. ಲೇಖಕಿಯಷ್ಟೇ ಅಲ್ಲ, ಪ್ರಕಾಶಕಿ, ಪತ್ರಿಕೆಯ ಸಂಪಾದಕಿಯೂ ಹೌದು.

1887ರಲ್ಲಿ ನಂಜನಗೂಡಿನ ಸಂಪ್ರದಾಯಸ್ಥ ಅಯ್ಯಂಗಾರ್ ಕುಟುಂಬದಲ್ಲಿ ಅವರ ಜನನ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಹತ್ತನೆಯ ವಯಸ್ಸಿಗೆ ವಿವಾಹ, ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ. ಆ ಕಾಲದಲ್ಲಿ ಅಂಥ ಬಾಲೆಯ ಬಾಳು ಅಲ್ಲಿಗೆ ಮುಗಿಯಿತೆಂದೇ ಲೋಕ ತಿಳಿಯುತ್ತಿತ್ತು. ಶುಭಕಾರ್ಯಗಳಲ್ಲಿ ಆಕೆಗೆ ಸ್ಥಳವಿಲ್ಲ, ಮುಂದಿನ ಬದುಕಿನ ಬಗ್ಗೆ ಮಾತೂ ಇಲ್ಲ. ಆದರೆ ತಂದೆ ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಶಾಲೆಯ ಪದವಿಯಿಲ್ಲದೆ, ಮನೆಯಲ್ಲಿಯೇ ಓದಿ, ಆಕೆ ಕನ್ನಡದ ಜೊತೆಗೆ ಇತರ ಭಾಷೆಗಳನ್ನೂ ಕಲಿತರು. ಮನೆಯಲ್ಲಿಯೇ ಇತರ ಹೆಣ್ಣುಮಕ್ಕಳಿಗೂ ಪಾಠ ಹೇಳಿದರು. ಹೆಣ್ಣುಮಕ್ಕಳ ತಂದೆಯರು ಈ ಸಂಗತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಸಮಾಜವನ್ನು ಒಬ್ಬರೇ ತಿದ್ದುವುದು ಆ ತಂದೆಗೆ ಸಾಧ್ಯವಿರಲಿಲ್ಲ. ಮಗಳಿಗೆ ಓದಲು ಅವಕಾಶ ಕೊಡುವುದು ಸಾಧ್ಯವಿತ್ತು. ಸಾಧ್ಯವಿದ್ದುದನ್ನು ಅವರು ಮಾಡಿದರು.

1913ರಲ್ಲಿ ತಿರುಮಲಾಂಬಾ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅವರ ಮೊದಲ ಕಾದಂಬರಿ 'ಸುಶೀಲೆ' ಈ ಮಾಲೆಯಲ್ಲಿ ಹೊರಬಂದು, ನಾಲ್ಕು ಮುದ್ರಣ ಕಂಡು, 7,000 ಪ್ರತಿಗಳು ಓದುಗರ ಕೈ ಸೇರಿದವು. ಅಕ್ಷರ ಬಲ್ಲ ಹೆಂಗಸರೇ ವಿರಳವಾಗಿದ್ದ ದಿನಗಳಲ್ಲಿ ಇದು ಸಣ್ಣ ಸಂಖ್ಯೆಯಲ್ಲ. 'ನಭಾ', 'ವಿದ್ಯುಲ್ಲತಾ', 'ಮಾತೃನಂದಿನಿ' ಮೊದಲಾದ ಕೃತಿಗಳು ಅನಂತರ ಬಂದವು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ, ಮುಂದೆ 'ಸನ್ಮಾರ್ಗದರ್ಶಿ'ಯನ್ನೂ ಅವರು ನಡೆಸಿದರು. ಅವರ ನಾಯಕಿಯರು ಪತಿಭಕ್ತಿಯ ಹಳೆಯ ಆದರ್ಶವನ್ನು ಬಿಟ್ಟುಕೊಟ್ಟವರಲ್ಲ. ಆದರೆ ವಿದ್ಯೆಯಿಲ್ಲದ ಸದ್ಗುಣ ಅಪೂರ್ಣವೆಂಬ ಮಾತನ್ನು ಅವರ ಮೂಲಕವೇ ಲೇಖಕಿ ಮನೆಮನೆಯೊಳಗೆ ತಲುಪಿಸಿದರು. ಒಡೆದು ಒಳಹೋಗಲಾಗದ ಬಾಗಿಲನ್ನು ತಟ್ಟಿ ತೆರೆಸಿದ ವಿವೇಕವಿದು.

ಕಾಲ ಬದಲಾಯಿತು, ಕಾದಂಬರಿಯ ರುಚಿಯೂ ಬದಲಾಯಿತು. ನವೋದಯದ ವಿಮರ್ಶೆಗೆ ಈ ನೀತಿಪ್ರಧಾನ ಕಥನ ಹಿಡಿಸಲಿಲ್ಲ. ಸ್ವತಃ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೇ 'ಮಾತೃನಂದಿನಿ'ಯನ್ನು ವಿಮರ್ಶಿಸಿ ಅದರ ಕೊರತೆಗಳನ್ನು ಎತ್ತಿ ತೋರಿದರು. ತಿರುಮಲಾಂಬಾ ಕ್ರಮೇಣ ಮೌನಕ್ಕೆ ಸರಿದರು. ಬಾಳಿನ ಕೊನೆಯ ದಶಕಗಳನ್ನು ಮದರಾಸಿನಲ್ಲಿ ಕಳೆದು, 1982ರಲ್ಲಿ 95ನೆಯ ವಯಸ್ಸಿನಲ್ಲಿ ನಿಧನರಾದರು. ಸಾವಿರಾರು ಮನೆಗಳಲ್ಲಿ ಓದಿಸಿಕೊಂಡ ಲೇಖಕಿಯನ್ನು ಅದಕ್ಕೆ ಬಹಳ ಮೊದಲೇ ಕನ್ನಡನಾಡು ಮರೆತಿತ್ತು.

ಇಲ್ಲಿ ದೂರದ ಇನ್ನೊಬ್ಬ ಲೇಖಕಿಯನ್ನು ನೆನೆಯಬಹುದು. ಇಂಗ್ಲೆಂಡಿನ ಫ್ಯಾನಿ ಬರ್ನಿ 1752ರಲ್ಲಿ ಹುಟ್ಟಿದವಳು. ಹದಿನೈದನೆಯ ವಯಸ್ಸಿನಲ್ಲಿ ತನ್ನ ಬರಹಗಳನ್ನೆಲ್ಲ ಬೆಂಕಿಗೆ ಹಾಕಿದಳು. ಆದರೂ ಬರೆಯುವ ಹಂಬಲ ಸುಡಲಿಲ್ಲ. 1768ರಿಂದ ದಿನಚರಿಯನ್ನು ಬರೆಯತೊಡಗಿದಳು. 1778ರಲ್ಲಿ 'ಎವೆಲಿನಾ' ಕಾದಂಬರಿಯನ್ನು ಹೆಸರು ಮರೆಸಿ ಪ್ರಕಟಿಸಿದಳು. 1793ರಲ್ಲಿ ದಾರ್ಬ್ಲೇ ಎಂಬ ನಿರಾಶ್ರಿತ ಫ್ರೆಂಚ್ ಸೇನಾಧಿಕಾರಿಯನ್ನು ವರಿಸಿದಳು. ವರ ಕಥೋಲಿಕನಾದ್ದರಿಂದ ಆಂಗ್ಲಿಕನ್ ವಿಧಿಯ ಬೆನ್ನಲ್ಲೇ ಲಂಡನ್ನಿನ ಸಾರ್ಡೀನಿಯಾ ರಾಯಭಾರಿಯ ಪ್ರಾರ್ಥನಾಲಯದಲ್ಲಿ ಕಥೋಲಿಕ ವಿಧಿಯಂತೆಯೂ ವಿವಾಹ ನಡೆಯಿತು. 1840ರಲ್ಲಿ ಆಕೆ ತೀರಿಕೊಂಡ ಮೇಲೆ ಸೋದರಿಯ ಮಗಳು ದಿನಚರಿ, ಪತ್ರಗಳನ್ನು ಜೋಡಿಸಿ 1842ರಿಂದ ಪ್ರಕಟಿಸಿದಳು. ಬರ್ನಿಯ ಕಾದಂಬರಿಗಳನ್ನು ಓದದವರೂ ಆಕೆಯ ದಿನಚರಿಯನ್ನು ಓದುತ್ತಾರೆ. ಮನೆಯವರೊಬ್ಬರು ಕಾಗದಗಳನ್ನು ಕಾದಿಟ್ಟುದರಿಂದ ಅದು ಸಾಧ್ಯವಾಯಿತು.

ತಿರುಮಲಾಂಬಾ ಅವರಿಗೆ ಈ ಸೇವೆ ಸಂದದ್ದು ರಕ್ತಸಂಬಂಧಿಗಳಲ್ಲದವರಿಂದ. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾ. ಚಿ.ನ. ಮಂಗಳಾ ಅವರ ಬಗ್ಗೆ ಬರೆದರು. ಆ ಕಾಲೇಜಿನ 'ಶಾಶ್ವತಿ' ಸಂಸ್ಥೆ ತಿರುಮಲಾಂಬಾ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. ಇನ್ನೊಬ್ಬರು ನಮ್ಮ ಸೀಮೆಯವರೇ: ಬೇಲೂರು ತಾಲ್ಲೂಕಿನ ಡಬ್ಬೆ ಗ್ರಾಮದಲ್ಲಿ 1951ರಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕವಯಿತ್ರಿ ಡಾ. ವಿಜಯಾ ದಬ್ಬೆ. 'ಹಿತೈಷಿಣಿಯ ಹೆಜ್ಜೆಗಳು' ಎಂಬ ಅವರ ಗ್ರಂಥ ತಿರುಮಲಾಂಬಾ ಅವರ ಸಾಧನೆಯನ್ನು ಹೊಸ ತಲೆಮಾರಿನ ಮುಂದಿಟ್ಟಿತು. ಮರೆತುಹೋದ ಲೇಖಕಿಯರನ್ನು ಹುಡುಕುವುದನ್ನೇ ವ್ರತವಾಗಿಸಿಕೊಂಡಿದ್ದ ದಬ್ಬೆಯವರಿಗೆ 1999ರಲ್ಲಿ ಅಪಘಾತವಾಗಿ ತಲೆಗೆ ತೀವ್ರ ಪೆಟ್ಟು ಬಿದ್ದು, ಸ್ವಂತ ನೆನಪಿನ ಶಕ್ತಿಯೇ ಕುಂದಿತು. 2018ರಲ್ಲಿ ಅವರು ತೀರಿಕೊಂಡರು. ಇತರರ ಸ್ಮೃತಿಯನ್ನು ಉಳಿಸಿದವರಿಗೆ ಒದಗಿದ ಈ ದುಃಖವನ್ನು ನೆನೆದಾಗ ಮಾತು ನಿಲ್ಲುತ್ತದೆ. ಆದರೆ ಅವರು ಬರೆದಿಟ್ಟದ್ದು ಅಳಿದಿಲ್ಲ.

ಸಂತ ಅಗಸ್ಟೀನರು ತಮ್ಮ 'ನಿವೇದನೆಗಳು' ಗ್ರಂಥದ ಹತ್ತನೆಯ ಭಾಗದಲ್ಲಿ ಸ್ಮೃತಿಯನ್ನು ಕುರಿತು ದೀರ್ಘವಾಗಿ ಚಿಂತಿಸಿದ್ದಾರೆ. ಒಬ್ಬ ವ್ಯಕ್ತಿಯ ಅಂತರಂಗ ಸ್ಮೃತಿಯಿಂದ ಒಂದಾಗಿ ನಿಲ್ಲುವಂತೆಯೇ ಒಂದು ಕುಟುಂಬವೂ ಸ್ಮೃತಿಯಿಂದಲೇ ಒಂದಾಗಿ ನಿಲ್ಲುತ್ತದೆಂದು ನಾವು ಅದಕ್ಕೆ ಸೇರಿಸಬಹುದು. ನಮ್ಮ ದೇವಾಲಯಗಳ ದಾಖಲೆ ಪುಸ್ತಕಗಳಲ್ಲಿ ಅಜ್ಜಿ, ಮುತ್ತಜ್ಜಿಯರ ಜ್ಞಾನಸ್ನಾನದ ದಿನವಿದೆ, ವಿವಾಹದ ದಿನವಿದೆ, ಮರಣದ ದಿನವೂ ಇದೆ. ಆ ಮೂರು ದಿನಗಳ ನಡುವೆ ಆಕೆ ಏನನ್ನು ಆಲೋಚಿಸಿದಳು, ಯಾವುದಕ್ಕೆ ಅತ್ತಳು ಎಂಬುದು ಅಲ್ಲಿಲ್ಲ.

ಆದುದರಿಂದ ಪ್ರಿಯ ಓದುಗರೇ, ಒಂದು ಸಣ್ಣ ವಿನಂತಿ. ಹಬ್ಬಕ್ಕೆ ಸುಣ್ಣ ಬಳಿಯಲು ಅಟ್ಟ ಇಳಿಸುವಾಗ ಸಿಗುವ ಹಳೆಯ ನೋಟುಬುಕ್ಕುಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಿರಿ. ಹಾಲಿನ ಲೆಕ್ಕದ ಕೆಳಗೆ ತಾಯಿಯೊಬ್ಬಳು ನಾಲ್ಕು ಸಾಲು ಬರೆದಿಟ್ಟಿರಬಹುದು. ಅಜ್ಜಿ ಇನ್ನೂ ನಮ್ಮೊಡನಿದ್ದರೆ, ರಾತ್ರಿಯ ಜಪಮಾಲೆ ಮುಗಿದ ಮೇಲೆ ಆಕೆಯ ಬಳಿ ಕುಳಿತು, ಹೇಳಿದುದನ್ನು ಮಕ್ಕಳ ಕೈಯಿಂದ ಬರೆಯಿಸಿರಿ; ಕೆಳಗೆ ಆಕೆಯ ಪೂರ್ಣ ಹೆಸರನ್ನೂ ದಿನಾಂಕವನ್ನೂ ತಪ್ಪದೆ ಹಾಕಿಸಿರಿ.