ಕಂಚಿನಲ್ಲಿ ಶುಶ್ರೂಷಕಿ

ಲಂಡನ್ನಿನ ವಾಟರ್ಲೂ ಪ್ಲೇಸ್‌ನಲ್ಲಿ 1915ರಿಂದ ಫ್ಲಾರೆನ್ಸ್ ನೈಟಿಂಗೇಲ್ ಅವರ ಪ್ರತಿಮೆಯಿದೆ. ಅವರ ಕೈಗೆ ಶಿಲ್ಪಿ ಆರ್ಥರ್ ವಾಕರ್ ಕೊಟ್ಟದ್ದು ಹಳೆಯ ಗ್ರೀಕ್ ಮಾದರಿಯ ಎಣ್ಣೆದೀಪ. ಕ್ರಿಮಿಯಾ ಯುದ್ಧಕಾಲದಲ್ಲಿ ಸ್ಕುಟಾರಿ ಆಸ್ಪತ್ರೆಯಲ್ಲಿ ಅವರು ಹಿಡಿದು ನಡೆದದ್ದಾದರೋ ಮಡಚುವ ಟರ್ಕಿ ಲಾಂದ್ರ. ಅದೇ ಯುದ್ಧದಲ್ಲಿ ಸೈನಿಕರ ಆರೈಕೆ ಮಾಡಿದ ಮೇರಿ ಸೀಕೋಲ್ ಅವರ 2016ರ ಪ್ರತಿಮೆಯಲ್ಲಿ ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್ ಕ್ರಿಮಿಯಾದ ನೆಲದ ಅಚ್ಚನ್ನೇ ತೆಗೆದು ಹಿನ್ನೆಲೆಯ ಕಂಚಿನ ಫಲಕಕ್ಕೆ ಬಳಸಿದರು. ಸಾವುಗಳ ಕಾರಣವನ್ನು ಎಣಿಸಿ, ಅಂಕಿಅಂಶದ ಬಲದಿಂದ ಆಸ್ಪತ್ರೆಗಳನ್ನು ತಿದ್ದಿದವರು ನೈಟಿಂಗೇಲ್. ಇಂಥವರಿಗೆ ಸಲ್ಲಬೇಕಾದ ಮೊದಲ ಗೌರವ ನಿಖರತೆ. ಅದು ಲೋಹದ ಒಳಗೂ ಇರಬೇಕು.

ಯುದ್ಧಕಾಲದ ಶುಶ್ರೂಷಕಿಯೊಬ್ಬರ ಸ್ಮಾರಕವನ್ನು ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ರೂಪಿಸುವುದಾದರೆ ಬೇಕಾದ ವಿದ್ಯೆ ಅಲ್ಲೇ ಇದೆ. ಅಲ್ಲಿನ ಕೆಲವು ಎರಕದ ಘಟಕಗಳು ಯಂತ್ರಭಾಗಗಳನ್ನು ಮೇಣದ ಮಾದರಿಯಿಂದ ತಯಾರಿಸುತ್ತವೆ. ಮೇಣದ ಮೇಲೆ ಪದರಪದರವಾಗಿ ಲೇಪ ಕೊಟ್ಟು ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಉಳಿದ ಟೊಳ್ಳಿಗೆ ಕಾದ ಲೋಹ ಹೊಯ್ಯುತ್ತಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ವಿವರಿಸುವುದೂ ಇದೇ ಕ್ರಮವನ್ನು. ಮೇಣದ ತೂಕದ ಎಂಟು ಅಥವಾ ಹತ್ತು ಪಟ್ಟು ತಾಮ್ರ ಬೇಕೆನ್ನುತ್ತದೆ ಆ ಗ್ರಂಥ. ಇಂದಿನ ಲೆಕ್ಕವೂ ಅದರ ಹತ್ತಿರವೇ: ಮೇಣದ ಸಾಂದ್ರತೆ ನೀರಿಗಿಂತ ತುಸು ಕಡಿಮೆ, ತಾಮ್ರದ್ದು ನೀರಿನ ಸುಮಾರು 9 ಪಟ್ಟು.

ದೊಡ್ಡ ಪ್ರತಿಮೆಯನ್ನು ಗಟ್ಟಿಯಾಗಿ ಎರೆಯುವುದಿಲ್ಲ. ತೆಳು ಭಾಗ ಬೇಗ ಹೆಪ್ಪುಗಟ್ಟುತ್ತದೆ, ದಪ್ಪ ಭಾಗ ತಡವಾಗಿ. ಲೋಹ ಆರುತ್ತಾ ಕುಗ್ಗುವುದರಿಂದ ದಪ್ಪ ಭಾಗದೊಳಗೆ ಪೊಳ್ಳು ಬೀಳುತ್ತದೆ. ಆದ್ದರಿಂದ ಕೆಲವೇ ಮಿಲಿಮೀಟರ್ ದಪ್ಪದ, ಆದಷ್ಟು ಒಂದೇ ಸಮದ ಗೋಡೆಯಿಟ್ಟು, ಭಾಗಭಾಗವಾಗಿ ಎರೆದು ಬೆಸೆಯುತ್ತಾರೆ.

ಕಷ್ಟದ ಜಾಗ ಲಾಂದ್ರ ಹಿಡಿದ ಕೈ. ಅದು ಮುಂದಕ್ಕೆ ಚಾಚಿದಷ್ಟೂ ಭುಜದ ಬೆಸುಗೆಯ ಮೇಲಿನ ಒತ್ತಡ ಹೆಚ್ಚುತ್ತದೆ. ಗಾಳಿಯ ತಳ್ಳಾಟ ಬೇರೆ. ಆಧಾರಕ್ಕೆ ಒಳಗೆ ಉಕ್ಕಿನ ಚೌಕಟ್ಟು ಬೇಕು. ಸಾಧಾರಣ ಉಕ್ಕು ಕಂಚಿಗೆ ತಾಗಿ, ನಡುವೆ ಮಳೆನೀರು ನಿಂತರೆ ವಿದ್ಯುತ್‌ಕೋಶದ ಕ್ರಿಯೆ ಶುರುವಾಗಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಸ್ಟೀಲ್, ಲೋಹಗಳ ನಡುವೆ ನಿರೋಧಕ ಪದರ, ಬುಡದಲ್ಲಿ ನೀರು ಹರಿಯಲು ರಂಧ್ರ, ಇಷ್ಟೂ ಮೊದಲ ನಕ್ಷೆಯಲ್ಲೇ ಇರಬೇಕು.

ಲಾರಿ ಮತ್ತು ಕಾರ್ಖಾನೆಗಳ ಹೊಗೆಯಲ್ಲಿನ ಗಂಧಕದ ಅನಿಲ ತೇವದೊಡನೆ ಆಮ್ಲವಾಗಿ, ಕಂಚನ್ನು ಕಾಯುವ ಮೇಲ್ಪದರವನ್ನೇ ಕರಗಿಸಿ ಹಸಿರು ಗೆರೆ ಎಳೆಯುತ್ತದೆ. ಕಾಲಕಾಲಕ್ಕೆ ತೊಳೆದು ಮೇಣ ಸವರುವುದೇ ಇದಕ್ಕೆ ಉಪಾಯ. ಈ ಖರ್ಚು ಟೆಂಡರಿನಲ್ಲೇ ಸೇರಿರಲಿ. ಆರೈಕೆಯನ್ನೇ ಬದುಕಾಗಿಸಿಕೊಂಡವರ ಸ್ಮಾರಕವನ್ನು, ಅದರ ಆರೈಕೆಗೆ ಹಣ ಮೀಸಲಿಡದೆ ಆರಂಭಿಸಬಾರದು.